ಬೋರ್ಡ್ ಹೋಗಿದೆ ಅನ್ನುವ ಮೊದಲು ವೋಲ್ಟೇಜ್ ಅಳೆಯಿರಿ

ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂಬೆಡೆಡ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದರೆ ಸಾಕು, ನನ್ನ ಟೇಬಲ್ ಮೇಲೆ ಇಎಸ್‌ಪಿ32 ಬೋರ್ಡುಗಳ ಸಾಲು. ವೈಫೈ ಇರುವ ಪುಟ್ಟ ಕಂಟ್ರೋಲರ್ ಚಿಪ್ ಕೂರಿಸಿದ ಬೋರ್ಡುಗಳಿವು. ಎಲ್ಲರದೂ ಒಂದೇ ಮಾತು: "ಮೇಡಂ, ಬೋರ್ಡ್ ಹೋಗಿದೆ." ಹೆಚ್ಚಿನವು ಹೋಗಿರುವುದಿಲ್ಲ. ಹೊಟ್ಟೆಗೆ ಸಾಲದೆ ಕೂತಿರುತ್ತವೆ, ಅಷ್ಟೇ.

ಲಕ್ಷಣ ಹೀಗಿರುತ್ತದೆ. ಎಲ್‌ಇಡಿ ಮಿನುಗಿಸುವ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ವೈಫೈ ಆನ್ ಮಾಡಿದ ಕೂಡಲೇ ಬೋರ್ಡ್ ರೀಸ್ಟಾರ್ಟ್. ಮತ್ತೆ ಶುರು, ಮತ್ತೆ ರೀಸ್ಟಾರ್ಟ್. ಬೋರ್ಡ್ ಕಳಿಸುವ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ಅನ್ನು 115200 ವೇಗಕ್ಕೆ ಇಟ್ಟು ನೋಡಿದರೆ 'ಬ್ರೌನ್‌ಔಟ್ ಡಿಟೆಕ್ಟರ್' ಅನ್ನುವ ಸಾಲು ಬಂದಿರುತ್ತದೆ. ವೋಲ್ಟೇಜ್ ಬಿತ್ತು ಅಂತ ಚಿಪ್ ತಾನೇ ಹೇಳುತ್ತಿದೆ. ಆದರೂ ಹುಡುಗರು ಕೋಡ್ ತಿದ್ದುತ್ತಾ ಕೂರುತ್ತಾರೆ. ಇನ್ನು ಕೆಲವರು ಆ ಡಿಟೆಕ್ಟರನ್ನೇ ಆಫ್ ಮಾಡುವ ಸಾಲನ್ನು ಎಲ್ಲಿಂದಲೋ ಹುಡುಕಿ ತಂದು ಸೇರಿಸುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇದಕ್ಕೇ. ಎಚ್ಚರಿಕೆ ನಿಲ್ಲುತ್ತದೆ, ತೊಂದರೆ ಅಲ್ಲೇ ಇರುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಫ್ಲ್ಯಾಶ್‌ಗೆ (ಪ್ರೋಗ್ರಾಂ ಇರುವ ಮೆಮೊರಿಗೆ) ಬರೆಯಲು ಹೋಗಿ ಡೇಟಾ ಕೆಟ್ಟರೆ, ಆಮೇಲೆ ಬರುವ ಸಮಸ್ಯೆಗೆ ತಲೆಬುಡ ಸಿಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ವೈಫೈ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ಇಎಸ್‌ಪಿ32 ಸುಮಾರು 240 ಮಿಲಿಆಂಪ್ ಎಳೆಯಬಹುದು. ಸಪ್ಲೈ 500 ಮಿಲಿಆಂಪ್ ಆದರೂ ಕೊಡುವಂತಿರಲಿ ಅಂತ ಚಿಪ್ ತಯಾರಕರ ಡೇಟಾಶೀಟ್ ಹೇಳುತ್ತದೆ. ಅಗ್ಗದ ಬೋರ್ಡುಗಳಲ್ಲಿ 5 ವೋಲ್ಟನ್ನು 3.3ಕ್ಕೆ ಇಳಿಸುವುದು ಹೆಚ್ಚಾಗಿ ಎಎಂಎಸ್1117 ರೆಗ್ಯುಲೇಟರ್. ಜಾಸ್ತಿ ಕರೆಂಟ್ ಹರಿಯುವಾಗ ಅದಕ್ಕೆ ಔಟ್‌ಪುಟ್‌ಗಿಂತ ಸುಮಾರು 1.1 ವೋಲ್ಟ್ ಹೆಚ್ಚು ಬೇಕು. ಅಂದರೆ ಒಳಗೆ 4.4 ವೋಲ್ಟ್ ಬರಲೇಬೇಕು. ಯುಎಸ್‌ಬಿಯಿಂದ 5 ವೋಲ್ಟ್ ಹೊರಟಿತು ಅನ್ನಿ. ತೆಳ್ಳನೆ ಕೇಬಲ್ ಒಂದಿಷ್ಟು ತಿನ್ನುತ್ತದೆ. ಎಷ್ಟೋ ಬೋರ್ಡುಗಳಲ್ಲಿ ದಾರಿಯಲ್ಲಿ ಒಂದು ಡಯೋಡ್ ಇರುತ್ತದೆ, ಅದು 0.3 ವೋಲ್ಟಿನಷ್ಟು ತಿನ್ನುತ್ತದೆ. ಉಳಿಯುವುದು ಅಂಚಿನಲ್ಲಿ. ಅದಕ್ಕೇ ನಾನು ಮೊದಲು ಬದಲಿಸುವುದು ಕೇಬಲ್: ಗಿಡ್ಡ, ದಪ್ಪನೆಯದು. ಕಂಪ್ಯೂಟರಿನಲ್ಲಿ ಪೋರ್ಟೇ ಕಾಣದಿದ್ದರೂ ಮೊದಲ ಅನುಮಾನ ಅದರ ಮೇಲೇ. ಬರೀ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ವೈರ್ ಇರುವುದೇ ಇಲ್ಲ.

"ಕೆಂಪು ಲೈಟ್ ಉರೀತಿದೆಯಲ್ಲ ಮೇಡಂ" ಅನ್ನುತ್ತಾರೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಹತ್ತಿರ ಸಿಕ್ಕರೂ ಉರಿಯುತ್ತದೆ. ಅದನ್ನು ನಂಬಬೇಡಿ. ಮಲ್ಟಿಮೀಟರಿನ ಕಪ್ಪು ಪ್ರೋಬ್ ಗ್ರೌಂಡ್‌ಗೆ, ಕೆಂಪು 3.3 ವೋಲ್ಟ್ ಪಿನ್‌ಗೆ ಇಡಿ. ವೈಫೈ, ಮೋಟರ್, ರಿಲೇ ಎಲ್ಲಾ ಓಡುತ್ತಿರುವಾಗಲೇ ಅಳೆಯಿರಿ. ಬೋರ್ಡ್ ಸುಮ್ನೆ ಕೂತಿರುವಾಗ ಸಿಗುವ 3.3ರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಮೀಟರ್ ತೋರಿಸುವುದು ಸರಾಸರಿ. ಕಣ್ಣು ಮಿಟುಕಿಸುವಷ್ಟರಲ್ಲಿ ವೋಲ್ಟೇಜ್ ಬಿದ್ದು ಎದ್ದರೆ ಅದಕ್ಕೆ ತಿಳಿಯುವುದೇ ಇಲ್ಲ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲ್ಲೋಸ್ಕೋಪ್ ಇದ್ದರೆ 3 ವೋಲ್ಟಿಗೆ ಫಾಲಿಂಗ್ ಎಡ್ಜ್ ಟ್ರಿಗರ್ (ಅದಕ್ಕಿಂತ ಕೆಳಗಿಳಿದ ಕೂಡಲೇ ಹಿಡಿಯುವಂತೆ) ಇಟ್ಟು ಕಾಯಿರಿ, ಹಳ್ಳ ಕಾಣುತ್ತದೆ. ಇಲ್ಲದಿದ್ದರೆ ಬೋರ್ಡಿನ ಹತ್ತಿರವೇ ಪವರ್ ಮತ್ತು ಗ್ರೌಂಡ್ ನಡುವೆ, ಧನ ಋಣ ನೋಡಿಕೊಂಡು, 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಆಗ ಸರಿಹೋದರೆ ಕಳ್ಳ ಸಿಕ್ಕಂತೆಯೇ. ಸರ್ವೋ ಮೋಟರ್ ಇದ್ದರೆ ಅದಕ್ಕೆ ಬೇರೆಯೇ ಸಪ್ಲೈ ಕೊಡಿ, ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ ಇರಲಿ.

ಪವರ್ ಸರಿ ಇದ್ದೂ ಬೋರ್ಡ್ ಬೂಟ್ ಆಗದಿದ್ದರೆ 12ನೇ ಪಿನ್‌ಗೆ ಏನು ಸಿಕ್ಕಿಸಿದ್ದಾರೆ ನೋಡುತ್ತೇನೆ. ರೀಸೆಟ್ ಆಗುವಾಗ ಚಿಪ್ ಈ ಪಿನ್ ನೋಡಿಯೇ ಫ್ಲ್ಯಾಶ್‌ಗೆ ಎಷ್ಟು ವೋಲ್ಟ್ ಕೊಡಬೇಕು ಅಂತ ತೀರ್ಮಾನಿಸುತ್ತದೆ. ಆ ಹೊತ್ತಿಗೆ ಪಿನ್ ಹೈ ಇದ್ದರೆ, ಅಂದರೆ ಅದರ ಮೇಲೆ ವೋಲ್ಟೇಜ್ ಇದ್ದರೆ, ಫ್ಲ್ಯಾಶ್‌ಗೆ 1.8 ವೋಲ್ಟ್. ಮಾಮೂಲಿ ಬೋರ್ಡಿನ ಫ್ಲ್ಯಾಶ್ 3.3ರದ್ದು, ಹಾಗಾಗಿ ಏಳುವುದಿಲ್ಲ. ಪುಲ್‌ಅಪ್ (ಪಿನ್ನನ್ನು ಹೈಗೆ ಎಳೆದಿಡುವ ರೆಸಿಸ್ಟರ್) ಇರುವ ಎಸ್‌ಡಿ ಕಾರ್ಡ್ ಮಾಡ್ಯೂಲನ್ನು ಇಲ್ಲಿಗೆ ಕೊಟ್ಟು ಒದ್ದಾಡಿದ ತಂಡಗಳು ಪ್ರತಿ ವರ್ಷ ಸಿಗುತ್ತವೆ. ವೈರ್ ಕಿತ್ತರೆ ಬೂಟ್ ಆಗುತ್ತದೆ, ಸಿಕ್ಕಿಸಿದರೆ ಇಲ್ಲ. ಬೇರೆ ಪಿನ್‌ಗೆ ಹಾಕಿದರೆ ಮುಗಿಯಿತು.

ನಿಜವಾಗಿ ಸಾಯುವ ಬೋರ್ಡುಗಳೂ ಇವೆ, ಇಲ್ಲವೆಂದಲ್ಲ. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿಗೆ 5 ವೋಲ್ಟ್ ಕೊಟ್ಟರೆ ಅದರ ಎಕೋ ಪಿನ್‌ನಿಂದ ಬರುವುದೂ 5 ವೋಲ್ಟೇ. ಇಎಸ್‌ಪಿ32ರ ಪಿನ್‌ಗಳು 3.3ಕ್ಕೆ ಮಾಡಿದವು. 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿ ಇಳಿಸಿದರೆ ಸಾಕು, ಖರ್ಚು ಏನೂ ಇಲ್ಲ. "ಯೂಟ್ಯೂಬಲ್ಲಿ ನೇರವಾಗಿ ಕೊಟ್ಟಿದ್ರು" ಅಂತಾರೆ. ಒಂದಷ್ಟು ದಿನ ಓಡಲೂಬಹುದು.

ಸತ್ತಿದೆಯೋ ಇಲ್ಲವೋ ಅಂತ ನೋಡಲು ಎಲ್ಲಾ ವೈರ್ ಕಿತ್ತು, ಬರೀ ಬೋರ್ಡಿಗೆ ಒಳ್ಳೆ ಕೇಬಲ್ ಹಾಕಿ ಖಾಲಿ ಸ್ಕೆಚ್ (ಏನೂ ಮಾಡದ ಪ್ರೋಗ್ರಾಂ) ಅಪ್‌ಲೋಡ್ ಮಾಡುತ್ತೇನೆ. ಆಗಲಿಲ್ಲವೋ, ಬೂಟ್ ಬಟನ್ ಒತ್ತಿಹಿಡಿದು ಇನ್ನೊಮ್ಮೆ. ಅದಕ್ಕೂ ಬಗ್ಗದಿದ್ದರೆ ಕೇಬಲ್ ತೆಗೆದು 3.3 ಮತ್ತು ಗ್ರೌಂಡ್ ನಡುವೆ ರೆಸಿಸ್ಟೆನ್ಸ್ ಅಳೆಯುತ್ತೇನೆ. ಸೊನ್ನೆ ಹತ್ತಿರ ಬಂದು, ಪವರ್ ಕೊಟ್ಟಾಗ ಚಿಪ್ ಮೇಲಿನ ಮೆಟಲ್ ಶೀಲ್ಡ್ ಕೈಗೆ ಸುಡುತ್ತಿದ್ದರೆ ಮಾತ್ರ ಹೊಸ ಬೋರ್ಡಿಗೆ ಇಂಡೆಂಟ್ ಬರೆಯುತ್ತೇನೆ.