ಮೂರು ಪಾಯಿಂಟಿನ ಕಾರ್ಡು, ಬ್ಯಾಡಗಿ ಪ್ಯಾಟ್ಯಾಗ ಆದ ಫಜೀತಿ

ಪ್ಲಾನಿಂಗ್ ಮಾಡ್ಲಿಲ್ಲ ಅಂತ ಮಾತ್ರ ನಮಗ ಯಾರೂ ಅನ್ನೂಹಂಗಿಲ್ಲ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಆಫೀಸಿನ್ಯಾಗ ಒಂದ ಗ್ವಾಡಿ ತುಂಬ ಸ್ಟಿಕಿ ನೋಟ್, ಜೀರಾ ಅನ್ನೂ ಕೆಲಸದ ಲೆಕ್ಕ ಇಡೂ ಸಾಫ್ಟ್‌ವೇರಿನ್ಯಾಗ ಎಪಿಕ್ಕು (ದೊಡ್ಡ ಕೆಲಸ), ಅದರ ಕೆಳಗ ಸ್ಟೋರಿ (ಅದರೊಳಗಿನ ಸಣ್ಣ ಕೆಲಸ), ಸ್ಟೋರಿಗೊಂದು ಪಾಯಿಂಟು (ಎಷ್ಟು ಶ್ರಮ ಅಂತ ಅಂದಾಜು), ದಿನಾ ಮುಂಜಾನೆ ಸ್ಟ್ಯಾಂಡಪ್ಪು (ನಿಂತ ಮಾಡೂ ಸಣ್ಣ ಮೀಟಿಂಗು), ಎಲ್ಲಾ ಇತ್ತು. ಐಡಿಯಾನೂ ಛಲೋ ಇತ್ರೀ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಟೆಂಡರ್ ಏನೋ ಆನ್‌ಲೈನ್ ಆಗೇತಿ, ಆದ್ರ ದಲಾಲಿ ಅಂಗಡಿ ಒಳಗಿನ ಲೆಕ್ಕ ಭಾಳ ಕಡೆ ಇನ್ನೂ ಪುಸ್ತಕದಾಗನ ನಡೀತೈತಿ, ಅದನ್ನ ಫೋನಿಗೆ ತರೂದು. ಸೀಸನ್ನಿನ್ಯಾಗ ಒಂದ ದಿನಕ್ಕ ಲಕ್ಷದ ಮ್ಯಾಲೆ ಚೀಲ ಬರೂ ಪ್ಯಾಟಿ ಅದು, ಸೋಮವಾರ ಗುರುವಾರ ಬಂತಂದ್ರ ಗುಮಾಸ್ತರಿಗೆ ಚಾ ಕುಡಿಯಾಕೂ ಪುರಸೊತ್ತ ಇರಂಗಿಲ್ಲ.

ಫೀಚರ್ ಆರಸಾಕ ಮಾಸ್ಕೋ ಪದ್ಧತಿ ಹಿಡಿದ್ವಿ. 1994ರಾಗ ಒರಾಕಲ್‌ನ್ಯಾಗಿದ್ದ ಡೈ ಕ್ಲೆಗ್ ಅನ್ನಾವ್ರು ಹುಟ್ಟಿಸಿದ್ದು, ಮಸ್ಟ್ (ಬೇಕ ಬೇಕು), ಶುಡ್ (ಇರ್ಬೇಕು), ಕುಡ್ (ಇದ್ರ ಛಲೋ), ವೋಂಟ್ (ಈ ಸಲ ಬ್ಯಾಡ) ಅಂತ ನಾಕು ಕಾಲಮ್ಮು. ಇದನ್ನ ಬಳಸೂ ಡಿಎಸ್‌ಡಿಎಮ್ ಅನ್ನೂ ಸಾಫ್ಟ್‌ವೇರ್ ಕೆಲಸದ ಪದ್ಧತಿಯೊಳಗ ಮಸ್ಟ್ ಅನ್ನೂ ಕೆಲಸ ಒಟ್ಟ ಶ್ರಮದಾಗ 60 ಪರ್ಸೆಂಟ್ ದಾಟಬಾರ್ದು ಅಂತ ಸಲಹೆ ಐತಿ. ನಮ್ಮಲ್ಲಿ ಮಸ್ಟ್ ಕಾಲಮ್ ಗ್ವಾಡಿ ದಾಟಿ ಕಿಡಿಕಿ ಮ್ಯಾಲೆ ಬಂದಿತ್ತು, ವೋಂಟ್ ಕಾಲಮ್‌ನ್ಯಾಗ ಒಂದ ಒಂದು ಚೀಟಿ, ಐಫೋನ್ ಆ್ಯಪ್. ಸಾಹೇಬ್ರಿಗೆ ದರದ ಗ್ರಾಫ್ ಬೇಕಾಗಿತ್ತು, ಅದೂ ಮಸ್ಟ್‌ನ್ಯಾಗ, ಯಾಕಂದ್ರ ಹೂಡಿಕೆದಾರರಿಗೆ ಸ್ಲೈಡಿನ್ಯಾಗ ಛಂದ ಕಾಣಸ್ತೈತಿ. ಗುಮಾಸ್ತಗ ಗ್ರಾಫ್ ಯಾಕ ಬೇಕ್ರೀ ಅಂತ ಕೇಳಿದ್ರ "ವಿಷನ್ ಇರ್ಬೇಕಪಾ" ಅಂದ್ರು.

ಆಮ್ಯಾಲೆ ಬಂತು ಪ್ಲಾನಿಂಗ್ ಪೋಕರ್, ಅಂದ್ರ ಸ್ಟೋರಿಗೆ ಎಷ್ಟು ಪಾಯಿಂಟ್ ಅಂತ ಎಲ್ಲಾರೂ ಒಂದೊಂದು ನಂಬರಿನ ಕಾರ್ಡ್ ಹಾಕೂ ಆಟ. ಕಾರ್ಡ್ ಬೋರಲ ಇಟ್ಟು ಎಲ್ಲಾರೂ ಒಮ್ಮೆಲೇ ತಿರುವೂದು ಯಾಕಂದ್ರ, ಒಬ್ಬರ ಅಂದಾಜು ಕೇಳಿ ಇನ್ನೊಬ್ಬರು ಅದಕ್ಕ ಜೋತು ಬೀಳಬಾರ್ದು ಅಂತ. ಇಡೀ ಆಟದ ಜೀವಾನ ಅದು. ಸ್ಟೋರಿ ಓದಾಕಿದ್ದಾವ ನಾನು: "ಗುಮಾಸ್ತರು ರೈತರಿಗೆ ಪಟ್ಟಿ ಪ್ರಿಂಟ್ ಮಾಡಿ ಕೊಡಬೇಕು." ಪಟ್ಟಿ ಅಂದ್ರ ಚೀಲ, ತೂಕ, ರೊಕ್ಕದ ಲೆಕ್ಕದ ಚೀಟಿ. ನಾ ಓದಿ ಮುಗಸೂದ್ರಾಗ ಸಾಹೇಬ್ರು ಲ್ಯಾಪ್‌ಟಾಪಿನಿಂದ ಮುಖ ಎತ್ತದ "ಇದೇನ್ ಬಿಡ್ರೋ, ಸಣ್ಣ ಕೆಲಸ" ಅಂದ್ಬಿಟ್ರು. ಕಾರ್ಡ್ ತಿರುವಿದ್ರ ಮೂರು, ಮೂರು, ಮೂರು, ಎರಡು, ಮತ್ತೊಂದು 13. ಆ 13 ಗದಗಿನ ನಮ್ಮ ಟೆಸ್ಟರ್ ಹುಡುಗೀದು.

ಎಲ್ಲಾಕ್ಕಿಂತ ಹೆಚ್ಚು, ಎಲ್ಲಾಕ್ಕಿಂತ ಕಡಿಮಿ ಹಾಕಿದಾವ್ರು ಕಾರಣ ಹೇಳ್ಬೇಕು, ಅದು ಪದ್ಧತಿ. ಅಕಿ ಬಾಯಿ ತಗದ್ಲು, "ಸರ, ಪ್ರಿಂಟರ್ ಯಾವ್ದು ಅಂತ ಇನ್ನೂ..." ಅಷ್ಟರಾಗ ಸಾಹೇಬ್ರು ನಕ್ಕು "ಮೇಡಂ ಅವ್ರು ಪ್ರಿಂಟರನ್ನ ಕಟ್ಟಾಕ ಹೊಂಟಾರ ನೋಡ್ರಿ" ಅಂದ್ರು, ಎಲ್ಲಾರೂ ನಕ್ವಿ. ಅಕಿ ಅಷ್ಟಕ್ಕ ಸುಮ್ಮನಾದ್ಲು. ಮೀಟಿಂಗಿಗೆ ಇಟ್ಟ ಟೈಮ್ ಮುಗೀಲಿಕತ್ತಿತ್ತು, ಊಟದ ಹೊತ್ತಾಗಿತ್ತು, ಅಕಿ ಹೊಸಾಕಿ, ಸ್ಟೋರಿ ತಿಳಿದಿರಲಿಕ್ಕಿಲ್ಲ ಅನ್ಕೊಂಡು ನಾ ಜೀರಾದಾಗ 3 ಅಂತ ಹೊಡದೆ.

ಪೈಲಟ್, ಅಂದ್ರ ಖರೇ ಪ್ಯಾಟ್ಯಾಗ ಆ್ಯಪ್ ಹಚ್ಚಿ ನೋಡೂದು, ಇಟ್ಟಿದ್ದು ಒಂದು ಗುರುವಾರ. ಮೋಟೆಬೆನ್ನೂರ ಕ್ರಾಸ್ ದಾಟಿದ್ರ ಸಾಕು, ಮೂಗಿನ್ಯಾಗ ಘಾಟು. ಮುಂಜಾನಿಂದ ಎಲ್ಲಾ ಛಲೋ ನಡದಿತ್ತು, ಲಾಟ್ ನಂಬರ್ ಹಾಕಿದ್ವಿ, ಡಬ್ಬಿ, ಕಡ್ಡಿ, ಗುಂಟೂರ ಅಂತ ಮೆಣಸಿನಕಾಯಿ ಜಾತಿಯ ಡ್ರಾಪ್‌ಡೌನ್ ಕನ್ನಡದಾಗ ಇತ್ತು, ಗುಮಾಸ್ತ ಅಣ್ಣಾರು ನೋಡಿ ಖುಷಿ ಆಗಿದ್ರು. ಟೆಂಡರ್ ದರ ಬಂತು, ರೈತರು ಒಪ್ಪಿದ್ರು, ತೂಕಾನೂ ಆತು. ಪ್ರಿಂಟ್ ಒತ್ತಿದೆ.

ಪಟ್ಟಿ ಹೊರಗ ಬಂತು. ಚೀಲ ಬರೋಬ್ಬರಿ, ತೂಕ ಬರೋಬ್ಬರಿ, ರೊಕ್ಕಾನೂ ಬರೋಬ್ಬರಿ. ರೈತರ ಹೆಸರು ಇರಬೇಕಾದಲ್ಲಿ ಸಾಲಾಗಿ ಪ್ರಶ್ನೆ ಗುರ್ತು. ಡಬ್ಬಿ ಅನ್ನೂಕಡೆ ಐದು ಪ್ರಶ್ನೆ ಗುರ್ತು. ಪಟ್ಟಿ ಇಸ್ಕೊಂಡ ರೈತ ಅಜ್ಜಾರು ಕಾಗದ ತಿರುವಿ ಮುರುವಿ ನೋಡಿ "ತಮ್ಮಾ, ಇದು ನಂದ ಹೌದಲ್ಲೋ?" ಅಂದ್ರು. ಮತ್ತೊಮ್ಮೆ ಒತ್ತಿದೆ, ಅದನ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ, ಬ್ಲೂಟೂತ್ ಬಿಡಸಿ ಜೋಡಸಿದೆ, ಹಿಂದ ಪಾಳಿ ಬೆಳೀಲಿಕತ್ತಿತ್ತು, ಊರಿಗೆ ಗಾಡಿ ಹೊಂಡತೈತಿ ಅಂತ ಒಬ್ಬರು ಒದರಾಕತ್ರು. ಗುಮಾಸ್ತ ಅಣ್ಣಾರು ಏನೂ ಅನ್ನದ ಡ್ರಾವರ್ ಎಳದು ಪಟ್ಟಿ ಪುಸ್ತಕ ತಗದ್ರು, ಕಾರ್ಬನ್ ಇಟ್ರು, ಬರಿಯಾಕ ಚಾಲೂ ಮಾಡಿದ್ರು. ನಾ ಅಲ್ಲೆ ಚೀಲದ ಮ್ಯಾಲೆ ಕುಂತು ಕೆಮ್ಮಕೋತ ಗೂಗಲ್ ಮಾಡಾಕತ್ತಿದ್ದೆ. ಸೀನಿದ್ರ ಕಣ್ಣಾಗ ನೀರು, ಅಳಾಕತ್ತಾನ ಅಂತ ಹಮಾಲರು ನೀರ ತಂದು ಕೊಟ್ರು.

ಆಗಿದ್ದೇನಂದ್ರ, ಆ ಸಣ್ಣ ಥರ್ಮಲ್ ಪ್ರಿಂಟರಿನೊಳಗ ಕನ್ನಡದ ಫಾಂಟ್ ಇರಂಗಿಲ್ಲ, ಅದಕ್ಕ ಗೊತ್ತಿಲ್ಲದ ಅಕ್ಷರದ ಕೋಡ್ ಒಂದೊಂದಕ್ಕೂ ನಮ್ಮ ಪ್ರೋಗ್ರಾಮ್ ಒಂದೊಂದು ಪ್ರಶ್ನೆ ಗುರ್ತು ಮಾಡಿ ಕಳಸ್ತಿತ್ತು. ಡಬ್ಬಿ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿನ ಅಕ್ಷರದ ಲೆಕ್ಕ ಆದ ಯೂನಿಕೋಡಿನ್ಯಾಗ ಡ, ಬ, ಹಲಂತ, ಇನ್ನೊಂದು ಬ, ಗುಡಿಸು, ಒಟ್ಟ ಐದು. ಆಫೀಸಿನ್ಯಾಗ ಯಾಕ ಸಿಗಲಿಲ್ಲ ಅಂದ್ರ ಡೆವಲಪರ್ ಮಹಾಶಯ "ಟೆಸ್ಟ್ ಫಾರ್ಮರ್ ಒನ್" ಅಂತ ಇಂಗ್ಲಿಷಿನ್ಯಾಗ ಹೊಡದು ಡನ್ ಕಾಲಮ್ಮಿಗೆ ಎಳದಿದ್ದ, ಖರೇ ಪ್ರಿಂಟರ್ ಅಂತೂ ಪೈಲಟ್ಟಿನ ಹಿಂದಿನ ಸಂಜಿಗೆ ಬಂದಿತ್ತು. ಪರ್ಚೇಸ್ ಅಪ್ರೂವಲ್ ಯಾರ ಇ-ಮೇಲಿನ್ಯಾಗ ಕುಂತಿತ್ತು ಅಂತ ನಾ ಹೇಳಂಗಿಲ್ಲ.

ಪರಿಹಾರ ಅಂದ್ರ ಅಕ್ಷರ ಕಳಸೂದು ಬಿಟ್ಟು, ಇಡೀ ಪಟ್ಟೀನ ಫೋನಿನ್ಯಾಗ ಚಿತ್ರ ಮಾಡಿ ಕಳಸೂದು. 58 ಮಿಲಿಮೀಟರ್ ಕಾಗದದ ಮ್ಯಾಲೆ ಅಡ್ಡ 384 ಚುಕ್ಕಿ ಅಷ್ಟ ಸಿಗ್ತಾವು, ಫಾಂಟ್ ಸಣ್ಣ ಇಟ್ರ ಒತ್ತಕ್ಷರ ಕರೇ ಕಲಿ ಆಗ್ತೈತಿ, ದೊಡ್ಡದು ಇಟ್ರ ಹೆಸರು ಎರಡ ಸಾಲಿಗೆ ಹೋಗ್ತೈತಿ, ಚಿತ್ರ ದೊಡ್ಡದಾದ್ರ ಬ್ಲೂಟೂತ್ ಎಳದಾಡ್ತೈತಿ. ಮೂರು ಪಾಯಿಂಟಿನ ಸ್ಟೋರಿ ಇಡೀ ಸ್ಪ್ರಿಂಟ್, ಅಂದ್ರ ಕೆಲಸದ ಒಂದು ಪೂರ್ತಿ ಸುತ್ತು, ತಿಂತು, 13 ಅನ್ನೂದೂ ಕಡಿಮಿ ಬಿತ್ತು.

ರೆಟ್ರೋದಾಗ, ಅಂದ್ರ ಸ್ಪ್ರಿಂಟ್ ಮುಗದ ಮ್ಯಾಲೆ ಎಲ್ಲಿ ತಪ್ಪಿದ್ವಿ ಅಂತ ನೋಡೂ ಮೀಟಿಂಗಿನ್ಯಾಗ, ಟೆಸ್ಟರ್ ಹುಡುಗಿ "ನಾ ಹೇಳಿದ್ದೆ" ಅಂತ ಒಂದ ಮಾತೂ ಅನ್ಲಿಲ್ಲ, ಅನ್ಬೇಕಾಗಿತ್ತು ಅನಸ್ತೈತಿ. ಬದಲಿಗೆ ಮಾರ್ಕರ್ ತಗೊಂಡು ಬೋರ್ಡಿನ ಮ್ಯಾಲೆ ಒಂದ ಚೀಲದ ದಾರಿ ಬರದ್ಲು: ಗಾಡಿ ಇಳಿಯೂದು, ಲಾಟು, ಟೆಂಡರು, ಒಪ್ಪಿಗಿ, ತೂಕ, ಪಟ್ಟಿ, ರೊಕ್ಕ. ಈ ದಾರಿಯೊಳಗ ಇಲ್ಲದ ಚೀಟಿ ಎಲ್ಲಾ ಕೆಳಗಿಳಸ್ರಿ ಅಂದ್ಲು. ಇಳಸಿದ್ವಿ. ಮಸ್ಟ್‌ನ್ಯಾಗ ಅರ್ಧಕ್ಕರ್ಧ ಖಾಲಿ ಆತು. ನಮ್ಮ ಪ್ಲಾನಿನ್ಯಾಗ ಕಾಲಮ್ ಇದ್ವು, ಪಾಯಿಂಟ್ ಇದ್ವು, ಚೀಲ ಒಂದ ಇರಲಿಲ್ಲ. ಈಗ ಯಾವ ಸ್ಟೋರಿ ಡನ್ ಅನಿಸಿಕೊಳ್ಬೇಕಾದ್ರೂ ಖರೇ ಪ್ರಿಂಟರಿನ್ಯಾಗ, ಒತ್ತಕ್ಷರ ಇರೂ ಹೆಸರು ಹೊಡದು ತೋರಸ್ಬೇಕು. ಕಾರ್ಡ್ ತಿರುವೂತನಕ ಸಾಹೇಬ್ರು ರೂಮಿನ ಹೊರಗ, ಅದಕ್ಕ ಮಾತ್ರ ನಾನ ಜಗಳಾ ಮಾಡೇನಿ.

ದರದ ಗ್ರಾಫ್ ವೋಂಟ್ ಕಾಲಮ್ಮಿಗೆ ಹೋಗೇತಿ. ಹೂಡಿಕೆದಾರರ ಮುಂದ ಸಾಹೇಬ್ರು ಇನ್ನೂ ಅದನ್ನ ತೋರಸ್ತಾರ, ಸ್ಲೈಡಿನ್ಯಾಗ "ಶೀಘ್ರದಲ್ಲೇ" ಅಂತ ಹಾಕಿ.