ನಿಮ್ಮಲ್ಲಿ ಎಲ್ಲರಿಗೂ ಒಂದೇ ಸಾಲಾ?

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಗೆ ಸರ್ಕಾರ ಅಂದರೆ ಆಗದು. ಕಷ್ಟದಲ್ಲಿರುವವರನ್ನು ನೋಡಿಕೊಳ್ಳಬೇಕಾದ್ದು ಚರ್ಚು, ವಾಷಿಂಗ್ಟನ್ ಅಲ್ಲ ಅನ್ನುವುದು ಅವರ ಪಾಲಿಗೆ ಬೈಬಲಿನ ಹತ್ತು ದೈವಾಜ್ಞೆಗಳ ಜೊತೆಗೆ ಹನ್ನೊಂದನೆಯದು. ತಿಂಗಳು ತಿಂಗಳು ಸೋಶಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿ ತಗೊಳ್ಳುತ್ತಾರಲ್ಲ ಅಂದರೆ, "ಅದು ನಾನು ದುಡಿದು ಕಟ್ಟಿದ್ದು" ಅನ್ನುತ್ತಾರೆ. ಬರೀ ಮಾತಿನವರಲ್ಲ. ಶನಿವಾರ ಬಂದರೆ ಚರ್ಚಿನ ನೆಲಮಾಳಿಗೆಯಲ್ಲಿ ನಿಂತು ದಿನಸಿ ಹಂಚುತ್ತಾರೆ. ಚೀಲ ತುಂಬಲು ನಾನೂ ಹೋಗುತ್ತೇನೆ. ಪ್ರತಿ ಚೀಲಕ್ಕೂ ಒಂದು ಪ್ರಾರ್ಥನೆಯ ಚೀಟಿ ಬೀಳುತ್ತದೆ. ಓದಲೇಬೇಕು ಅಂತೇನಿಲ್ಲ.

2025ರ ಅಕ್ಟೋಬರ್ 1ರಿಂದ ಬಜೆಟ್ ಜಗಳದಲ್ಲಿ ಇಲ್ಲಿನ ಕೇಂದ್ರ ಸರ್ಕಾರದ ಕೆಲಸ ನಿಂತಿತ್ತಲ್ಲ, ನವೆಂಬರ್ ಬಂದಾಗ ಸ್ನ್ಯಾಪ್ ಹಣಕ್ಕೂ ತಡೆ ಬಿತ್ತು. ಸ್ನ್ಯಾಪ್ ಅಂದರೆ ಹಳೆಯ ಫುಡ್ ಸ್ಟಾಂಪ್. ಅಕ್ಕಿ, ಗೋಧಿ ಕೊಡುವುದಿಲ್ಲ, ಕಾರ್ಡಿಗೆ ದುಡ್ಡು ಹಾಕುತ್ತಾರೆ. ಅದರಲ್ಲಿ ಸೋಪು, ಡೈಪರ್ ಕೊಳ್ಳುವಂತಿಲ್ಲ. ಆಗ ಇದನ್ನು ನಂಬಿದ್ದವರು ಸುಮಾರು 4.2 ಕೋಟಿ ಜನ, ಎಂಟು ಜನರಲ್ಲಿ ಒಬ್ಬರು. ಆ ಶನಿವಾರ ನಮ್ಮ ಸಾಲು ಪಾರ್ಕಿಂಗ್ ಜಾಗ ದಾಟಿ ರಸ್ತೆಗೆ ಹೋಯಿತು. ಮಧ್ಯಾಹ್ನದೊಳಗೆ ಕಪಾಟು ಖಾಲಿ. ದಾನದ ದಿನಸಿ ಒಂದು ಊಟಕ್ಕಾದರೆ ಸ್ನ್ಯಾಪ್ ಒಂಬತ್ತು ಊಟಕ್ಕಾಗುತ್ತದೆ ಅಂತ ದೇಶದ ಫುಡ್ ಬ್ಯಾಂಕುಗಳ ಒಕ್ಕೂಟವೇ ಹೇಳುತ್ತದೆ. ಅಜ್ಜಿ ಅದನ್ನು ಒಪ್ಪಲಿಲ್ಲ. "ಜನ ಇನ್ನೂ ಜಾಸ್ತಿ ಕೊಡಬೇಕು" ಅಂದರು, ಅಷ್ಟೇ.

ಆಮೇಲೆ ಖಾಲಿ ಡಬ್ಬಗಳನ್ನು ಮಡಚುತ್ತಾ ಕೇಳಿದರು, "ನಿಮ್ಮ ದೇಶದಲ್ಲಿ ಯಾರಮ್ಮಾ ಊಟ ಹಾಕೋದು?" ನನಗೋ ಹೇಳಲು ಬೇಕಾದಷ್ಟಿತ್ತು. ಧರ್ಮಸ್ಥಳದ ಅನ್ನದಾನ, ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ನೋಡದೆ ಸಾವಿರಾರು ಮಕ್ಕಳಿಗೆ ಊಟ, ಓದು. ಜೊತೆಗೆ 2013ರಲ್ಲಿ ಶುರುವಾದ ಅನ್ನಭಾಗ್ಯ. ಹೆಮ್ಮೆಯಿಂದಲೇ ಹೇಳಿದೆ.

ಅಜ್ಜಿ ಎಲ್ಲ ಕೇಳಿ, "ದೇವಸ್ಥಾನದಲ್ಲಿ ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸ್ತಾರಾ?" ಅಂದರು. ಕುಟುಕಲು ಕೇಳಿದ್ದಲ್ಲ. ಅವರು ಬೆಳೆದದ್ದು ಅಲಬಾಮಾದಲ್ಲಿ, ಬಿಳಿಯರಿಗೊಂದು ಚರ್ಚು, ಕಪ್ಪು ಜನರಿಗೊಂದು ಇದ್ದ ಕಾಲದಲ್ಲಿ.

"ಕೆಲವು ಕಡೆ" ಅಂದು ಸುಮ್ಮನಾದೆ.

ಚಿಕ್ಕವಳಿದ್ದಾಗ ನಾನು, ನನ್ನ ಗೆಳತಿ ಜಾತ್ರೆಯ ಊಟಕ್ಕೆ ಕೈ ಕೈ ಹಿಡಿದು ಹೋಗಿದ್ದೆವು. ಬಾಗಿಲಲ್ಲಿದ್ದವರು "ಯಾರ ಮನೆ ಮಕ್ಕಳು?" ಅಂತ ಕೇಳಿದರು. ನನ್ನನ್ನು ಒಳಗೆ ಕೂರಿಸಿದರು, ಅವಳನ್ನು ಹೊರಗಿನ ಚಪ್ಪರದಲ್ಲಿ. ಅದೇ ಸಾರು, ಅದೇ ಪಾಯಸ. ಬಡಿಸಿದವರು ಕೆಟ್ಟವರೇನಲ್ಲ, ಅವಳಿಗೂ ಎರಡನೇ ಸಲ ಪಾಯಸ ಹಾಕಿದ್ದರು. ರೇಷನ್ ಅಂಗಡಿಯಲ್ಲಿ ಮಾತ್ರ ನಮ್ಮಮ್ಮ ಅವಳ ಅಮ್ಮನ ಹಿಂದೆ ನಿಲ್ಲುತ್ತಿದ್ದರು. ತೂಕದಲ್ಲಿ ಮೋಸ ಇತ್ತು, ನಿಜ. ಆದರೆ ಎಲ್ಲರಿಗೂ ಒಂದೇ ಮೋಸ.

ಮಠ, ಚರ್ಚು ಹಾಕುವ ಅನ್ನ ಸಣ್ಣದು ಅಂತಲ್ಲ. ರಾತ್ರೋರಾತ್ರಿ ಮನೆ ಕಳಕೊಂಡವನಿಗೆ ಅರ್ಜಿ, ದಾಖಲೆ ಕೇಳದೆ ಊಟ ಕೊಡುವುದು ಅವರೇ. ಆದರೆ ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದೂ ಅವರ ಇಷ್ಟವೇ ಆಗುತ್ತದೆ. ಕಾರ್ಡು ನಿಂತರೆ ಸರ್ಕಾರವನ್ನು ಬೈಯಬಹುದು, ಕೋರ್ಟಿಗೆ ಹೋಗಬಹುದು. ಸ್ನ್ಯಾಪ್ ವಿಷಯದಲ್ಲಿ ಇಲ್ಲಿ ಹೋದರು ಕೂಡ. ಅನ್ನ ಹಾಕಿದವರನ್ನು ಬೈಯಲು ಯಾರಿಗೆ ಬಾಯಿ ಬರುತ್ತದೆ?

ಶನಿವಾರ ಚೀಲ ತುಂಬಲು ಈಗಲೂ ಹೋಗುತ್ತೇನೆ. ಅಜ್ಜಿಯ ವಾದ ಒಂದಿಂಚೂ ಅಲುಗಿಲ್ಲ. ನನಗೆ ಇಲ್ಲಿ ವೋಟಿಲ್ಲ. ಇದ್ದಿದ್ದರೆ ಕಾರ್ಡಿನ ಪರ ಹಾಕುತ್ತಿದ್ದೆ ಅಂತ ಅವರಿಗೂ ಗೊತ್ತು, ಆದರೂ ಚೀಟಿ ಮಡಚುವ ಕೆಲಸ ನನಗೇ ಕೊಡುತ್ತಾರೆ.