ಆಸ್ಪತ್ರೆಯಿಂದ ಮನೆಗೆ ಬಂದ ಲಕೋಟೆಗಳು

ಇಂಗ್ಲೆಂಡಿನಲ್ಲಿ ಐದು ವರ್ಷ ಇದ್ದೆವು, ಅಮೆರಿಕಕ್ಕೆ ಬಂದು ಮೂರು ವರ್ಷವಾಯಿತು. ಊರಿಂದ ಫೋನ್ ಮಾಡಿದವರು ತಪ್ಪದೇ ಕೇಳುತ್ತಾರೆ: "ಅಲ್ಲೆಲ್ಲಾ ಆಸ್ಪತ್ರೆ ಫ್ರೀ ಅಂತೆ, ಹೌದಾ?"

ಇಂಗ್ಲೆಂಡಿನಲ್ಲಿ ಒಂದು ರಾತ್ರಿ ಎರಡು ವರ್ಷದ ಮಗಳಿಗೆ ಜ್ವರ ಏರಿ, ಉಸಿರು ಜೋರಾಯಿತು. ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿದೆವು. "ಅಂಗಿ ಎತ್ತಿ ನೋಡಿ, ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗ್ತಿದೆಯಾ?" ಎಂದು ಆ ಕಡೆಯವರು ಕೇಳಿದರು. ಹೋಗುತ್ತಿತ್ತು. ಆಂಬುಲೆನ್ಸ್ ಅವರೇ ಕಳಿಸಿದರು. ಬೆಳಗಿನ ತನಕ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿ ಕೊಟ್ಟರು. ಹೊರಡುವಾಗ ಅಭ್ಯಾಸಬಲದಿಂದ ನನ್ನ ಕೈ ಪರ್ಸಿಗೆ ಹೋಯಿತು. "ಏನೂ ಕೊಡೋದಿಲ್ಲ, ಮಗುವನ್ನ ಮಲಗಿಸಿ" ಅಂದರು ನರ್ಸ್.

ಇದು ಯಾರೋ ಮಾಡುವ ದಾನವಲ್ಲ. 1948ರ ಜುಲೈ 5ರಂದು ಶುರುವಾದ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನಡೆಯುವುದು ಹೆಚ್ಚಾಗಿ ತೆರಿಗೆ ದುಡ್ಡಿನಲ್ಲಿ. ವೀಸಾದಲ್ಲಿ ಹೋಗುವ ನಮ್ಮಂಥವರು ಅರ್ಜಿಯ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟುತ್ತೇವೆ. 2024ರ ಫೆಬ್ರವರಿಯಲ್ಲಿ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್ ಆಯಿತು. ಕಡಿಮೆ ದುಡ್ಡಲ್ಲ. ಆದರೆ ಕಾಯಿಲೆ ಬೀಳುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ.

ಕಾಯುವುದು ಮಾತ್ರ ನಿಜವಾದ ಕಷ್ಟ. ಹೆಂಡತಿಯ ಮೊಣಕಾಲು ನೋವಿಗೆ ಮೊದಲು ಜಿಪಿ (ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದಂತೆ), ಆಮೇಲೆ ಫಿಸಿಯೋ, ಕೊನೆಗೆ ತಜ್ಞರು ಅಂತ ಎಂಟು ತಿಂಗಳು ಹೋಯಿತು. ಅಷ್ಟೂ ದಿನ ಅವಳು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬ ಗುರಿ ಅಲ್ಲಿದೆ, ಆದರೆ ಅದು ಪೂರೈಸದೆ ಎಷ್ಟೋ ವರ್ಷಗಳಾಗಿವೆ. ಅದೇ ಮೊಣಕಾಲಿಗೆ ಅಮೆರಿಕದಲ್ಲಿ ಒಂದೇ ವಾರದಲ್ಲಿ ಎಂಆರ್‌ಐ ಆಯಿತು. ಅದನ್ನು ಒಪ್ಪಿಕೊಳ್ಳಲೇಬೇಕು.

ಇಲ್ಲಿ ಕಥೆ ಶುರುವಾಗುವುದು ಮನೆಗೆ ಬಂದ ಮೇಲೆ. ಮಗಳು ಬಿದ್ದು ಗಲ್ಲ ಒಡೆದುಕೊಂಡಳು. ದುಡ್ಡಿಲ್ಲ ಅಂತ ಎಮರ್ಜೆನ್ಸಿಯಿಂದ ಯಾರನ್ನೂ ಹಾಗೇ ವಾಪಸ್ ಕಳಿಸಬಾರದು ಎಂಬ ಕಾನೂನು 1986ರಿಂದ ಇದೆ. ಒಂದು ಗಂಟೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು, ತುಂಬಾ ಚೆನ್ನಾಗಿ ನೋಡಿಕೊಂಡರು. ಮೂರು ವಾರದ ನಂತರ ಲಕೋಟೆ ಬಂತು. "ಇದು ಬಿಲ್ ಅಲ್ಲ" ಅಂತ ಮೇಲೇ ಬರೆದಿತ್ತು. ಅದರ ಹಿಂದೆಯೇ ನಿಜವಾದ ಬಿಲ್‌ಗಳು: ಆಸ್ಪತ್ರೆಯದು ಒಂದು, ಡಾಕ್ಟರದು ಬೇರೆ. ವಿಮೆ ಇತ್ತು, ಆದರೆ ಡಿಡಕ್ಟಬಲ್ ತೀರಿರಲಿಲ್ಲ. ಅಂದರೆ ವರ್ಷಕ್ಕೆ ಇಂತಿಷ್ಟು ಮೊದಲು ನಾವೇ ಕಟ್ಟಬೇಕು, ಆಮೇಲೆ ವಿಮೆಯವರು ಕೊಡೋಕೆ ಶುರುಮಾಡುತ್ತಾರೆ. ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ ಕೇಳಿ ಅಂತ ಸಹೋದ್ಯೋಗಿ ಹೇಳಿದರು. ತರಿಸಿ ನೋಡಿದರೆ, ಮಾಡದೇ ಇದ್ದ ಎಕ್ಸ್‌ರೇ ಅದರಲ್ಲಿತ್ತು! ಆರು ಸಲ ಫೋನ್ ಮಾಡಿದ ಮೇಲೆ ತೆಗೆದರು. ಈ ಕಡೆಗೆ ಬರುವವರು ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಎರಡರಲ್ಲಿ ನನಗೆ ಕಾಯುವುದೇ ವಾಸಿ. ಹೋದ ತಿಂಗಳು ಮಗಳಿಗೆ ಮತ್ತೆ ರಾತ್ರಿ ಜ್ವರ ಬಂತು. ಹೆಂಡತಿ ಥರ್ಮಾಮೀಟರ್ ದೀಪಕ್ಕೆ ಹಿಡಿದು ನೋಡುತ್ತಿದ್ದಳು. ಎಷ್ಟಿದೆ ಅಂತ ನಾನು ಕೇಳಲಿಲ್ಲ. "ಈ ವರ್ಷದ ಡಿಡಕ್ಟಬಲ್ ಇನ್ನೆಷ್ಟು ಉಳಿದಿದೆ?" ಅಂತ ಕೇಳಿದೆ.